ಲಸಿಕೆ ಒಗ್ಗದೆ ಸುಸ್ತಾದ ಬೆಕ್ಕಿಗೆ ನೀರು ಕುಡಿಸುವುದು: ಬಟ್ಟಲು, ಕೋಳಿ ನೀರು, ಸಿರಿಂಜ್, ಸಲೈನ್

ಲಸಿಕೆ ಹಾಕಿಸಿದ ಮೇಲೆ ಬೆಕ್ಕು ಒಂದೆರಡು ದಿನ ಮಂಕಾಗಿರುವುದು, ಸ್ವಲ್ಪ ಜ್ವರ ಬರುವುದು ಸಾಮಾನ್ಯ. ನಮ್ಮ ಚಿನ್ನಿಗೆ ಅಷ್ಟಕ್ಕೇ ನಿಲ್ಲಲಿಲ್ಲ. ಮುಖ ಊದಿಕೊಂಡಿತು, ಮೇಲಿಂದ ಮೇಲೆ ವಾಂತಿ. ಹೀಗಾದರೆ, ಅಥವಾ ಉಸಿರಾಟಕ್ಕೆ ಕಷ್ಟವಾದರೆ, ಮನೆಯಲ್ಲಿ ಏನೂ ಪ್ರಯತ್ನಿಸಬಾರದು, ತಕ್ಷಣ ಡಾಕ್ಟರ ಹತ್ತಿರ ಓಡಬೇಕು. ಅವರು ಇಂಜೆಕ್ಷನ್ ಕೊಟ್ಟು ಅಪಾಯ ದಾಟಿಸಿದರು. ಆದರೆ ಮನೆಗೆ ಬಂದ ಚಿನ್ನಿ ನೀರನ್ನು ಮೂಸಿಯೂ ನೋಡಲಿಲ್ಲ. ಅವಳಿಗೆ ನೀರು ಇಳಿಸಲು ನಾನು ಬಳಸಿದ ದಾರಿಗಳನ್ನು ಇಲ್ಲಿ ಹೋಲಿಸುತ್ತಿದ್ದೇನೆ.

ಮೊದಲು ಒಂದು ಲೆಕ್ಕ. ಬೆಕ್ಕಿಗೆ ದಿನಕ್ಕೆ, ಪ್ರತಿ ಕಿಲೋ ತೂಕಕ್ಕೆ, ಸುಮಾರು 40ರಿಂದ 60 ಮಿಲಿ ನೀರು ಬೇಕು. ನಾಲ್ಕು ಕಿಲೋ ಬೆಕ್ಕಿಗೆ ಅದು 160ರಿಂದ 240 ಮಿಲಿ. ಊಟದಲ್ಲಿರುವ ನೀರೂ ಇದರಲ್ಲೇ ಸೇರುತ್ತದೆ. ಈ ಕೊನೆಯ ಮಾತೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿದ್ದು.

ಬಟ್ಟಲು, ಕಾರಂಜಿ ಎರಡನ್ನೂ ಒಟ್ಟಿಗೆ ಹೇಳಿಬಿಡುತ್ತೇನೆ. ಮೀಸೆ ತಾಗದಷ್ಟು ಅಗಲದ ಬಟ್ಟಲು ಒಳ್ಳೆಯದು. ಅದನ್ನು ಮಲದ ಟ್ರೇಯಿಂದ ದೂರ, ಬೆಕ್ಕು ಮಲಗಿದಲ್ಲೇ ಇಟ್ಟರೆ ಎದ್ದು ನಡೆಯುವ ಶ್ರಮ ತಪ್ಪುತ್ತದೆ. ಹರಿಯುವ ನೀರಿನ ಕಾರಂಜಿ ಆರೋಗ್ಯವಾಗಿರುವ ಬೆಕ್ಕಿಗೆ ಇಷ್ಟವಾಗಬಹುದು. ಸುಸ್ತಾದ ಚಿನ್ನಿಗೆ ಮೋಟಾರಿನ ಸದ್ದೇ ಕಿರಿಕಿರಿಯಾಯಿತು. ಹುಷಾರಿಲ್ಲದ ಬೆಕ್ಕಿಗೆ ಅಂತಲೇ ಅದನ್ನು ಕೊಳ್ಳಬೇಡಿ.

ಕೋಳಿ ಬೇಯಿಸಿದ ನೀರು ಇದಕ್ಕಿಂತ ಎಷ್ಟೋ ಮೇಲು. ಮಾಂಸ ಮತ್ತು ನೀರು, ಅಷ್ಟೇ. ಉಪ್ಪು ಬೇಡ. ಈರುಳ್ಳಿ, ಬೆಳ್ಳುಳ್ಳಿಯಂತೂ ಬೇಡವೇ ಬೇಡ, ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಅಂಗಡಿಯ ಸೂಪ್ ಪುಡಿಗಳಲ್ಲಿ ಇವೆಲ್ಲ ಇರುವ ಸಾಧ್ಯತೆ ಜಾಸ್ತಿ, ಆದ್ದರಿಂದ ಮನೆಯಲ್ಲೇ ಬೇಯಿಸಿ. ಫ್ರಿಜ್‌ನಿಂದ ತೆಗೆದು ಹಾಗೇ ಕೊಟ್ಟಾಗ ಚಿನ್ನಿ ಮುಖ ತಿರುಗಿಸಿದಳು. ಉಗುರುಬೆಚ್ಚಗೆ ಮಾಡಿದ ಮೇಲೆ ವಾಸನೆ ಹಿಡಿದು ತಾನಾಗಿ ನೆಕ್ಕಿದಳು. ಹಾಲು ಕೊಡಬೇಡಿ, ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಅದು ಜೀರ್ಣವಾಗುವುದಿಲ್ಲ. ಭೇದಿಯಾದರೆ ಇರುವ ನೀರೂ ಹೋಗುತ್ತದೆ.

ಆದರೂ ನನ್ನ ಮೊದಲ ಆಯ್ಕೆ ಮೆತ್ತನೆಯ ಡಬ್ಬಿ ಆಹಾರ. ಅದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ ಇರುತ್ತದೆ. ಕಾಳಿನಂತಿರುವ ಒಣ ಬೆಕ್ಕಿನ ಆಹಾರದಲ್ಲಿ ನೂರಕ್ಕೆ ಹತ್ತರಷ್ಟು ಇದ್ದರೆ ಹೆಚ್ಚು. ಡಬ್ಬಿ ಆಹಾರಕ್ಕೆ ಒಂದೆರಡು ಚಮಚ ಕೋಳಿ ನೀರು ಕಲಸಿ ಗಂಜಿಯಂತೆ ತೆಳ್ಳಗೆ ಮಾಡಿದೆ. ಚಿನ್ನಿ ಅದನ್ನು ಊಟ ಅಂತಲೇ ನೆಕ್ಕಿದಳು, ನೀರು ಜೊತೆಗೆ ಇಳಿಯಿತು. ಬೆಕ್ಕಿನ ಮೂಲ ಒಣಪ್ರದೇಶದ ಕಾಡುಬೆಕ್ಕು. ಬೇಟೆಯ ಮಾಂಸದಿಂದಲೇ ಬಹುಪಾಲು ನೀರು ಪಡೆಯುವ ಪ್ರಾಣಿ ಅದು. ಬಾಯಾರಿಕೆಯೂ ಅದಕ್ಕೆ ನಾಯಿಯಷ್ಟು ಬೇಗ ಕಾಡುವುದಿಲ್ಲ. ಊಟದ ದಾರಿಯೇ ಅದಕ್ಕೆ ಸಹಜ, ಅಲ್ವಾ? ಇನ್ನೊಂದು ಲಾಭವೂ ಇದೆ. ನೀರಿನಷ್ಟೇ ಊಟವೂ ತುರ್ತು. ಬೆಕ್ಕು ಎರಡು-ಮೂರು ದಿನ ಉಪವಾಸವಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳಲು ಶುರುವಾಗಬಹುದು, ದಪ್ಪ ಬೆಕ್ಕಿಗೆ ಈ ಅಪಾಯ ಇನ್ನೂ ಹೆಚ್ಚು. ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ಡಾಕ್ಟರಿಗೆ ಫೋನ್ ಮಾಡಿ.

ಸಿರಿಂಜ್ ಬಗ್ಗೆ ನನಗೆ ಭಯವಿದೆ, ಆ ಭಯ ಇರಬೇಕು ಅಂತಲೇ ನನ್ನ ಅಭಿಪ್ರಾಯ. ಸೂಜಿ ಇಲ್ಲದ ಚಿಕ್ಕ ಸಿರಿಂಜಿನ ತುದಿಯನ್ನು ಕೋರೆಹಲ್ಲಿನ ಹಿಂದಿನ ಸಂದಿಯಲ್ಲಿ, ಬಾಯಿಯ ಪಕ್ಕದಿಂದ ಇಡಬೇಕು. ಒಮ್ಮೆಗೆ ಅರ್ಧ ಮಿಲಿಯಷ್ಟು ಬಿಟ್ಟು, ನುಂಗಿದ್ದನ್ನು ನೋಡಿಕೊಂಡೇ ಮುಂದಿನ ಹನಿ. ತಲೆಯನ್ನು ಮೇಲಕ್ಕೆ ಎತ್ತಿ ಹಿಡಿಯಬಾರದು. ನೀರು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗಬಹುದು. ವಾಂತಿ ಮಾಡುತ್ತಿರುವ, ತಲೆ ಎತ್ತಲಾರದ ಬೆಕ್ಕಿಗೆ ಇದು ಬೇಡ. ಚಿನ್ನಿ ಸಿರಿಂಜ್ ಕಂಡರೆ ಮಂಚದಡಿ ಸೇರುತ್ತಿದ್ದಳು, ಒಳಗೆ ಹೋದ ನೀರಿಗಿಂತ ಜೊಲ್ಲಿನಲ್ಲಿ ಸುರಿದಿದ್ದೇ ಹೆಚ್ಚು. ಬೆಕ್ಕು ಹೆದರಿ ಊಟವನ್ನೂ ದೂರ ಮಾಡಿದರೆ ಇದರಿಂದ ನಷ್ಟವೇ.

ಇಷ್ಟಾದ ಮೇಲೂ ಅವಳ ವಸಡು ಅಂಟಂಟಾಗಿತ್ತು. ಹೆಗಲ ಮೇಲಿನ ಚರ್ಮ ಎತ್ತಿ ಬಿಟ್ಟರೆ ನಿಧಾನವಾಗಿ ಕೂರುತ್ತಿತ್ತು. ಮೈಯಲ್ಲಿ ನೀರು ಕಡಿಮೆಯಾದ ಗುರುತು ಇದು. ಹೀಗಿದ್ದಾಗ ಬಟ್ಟಲೂ ಸಾಲದು, ಗಂಜಿಯೂ ಸಾಲದು. ಡಾಕ್ಟರು ಚರ್ಮದ ಕೆಳಗೆ ಸಲೈನ್ ಕೊಟ್ಟರು. ಕೆಲವೇ ನಿಮಿಷದ ಕೆಲಸ. ಬೆನ್ನ ಮೇಲೆ ಉಬ್ಬು ಬಂತು, ಕಾಲಿನ ಕಡೆ ಜಾರಿತು, ಕೆಲವು ಗಂಟೆಗಳಲ್ಲಿ ಮೈಗೆ ಸೇರಿಹೋಯಿತು. ಆಮೇಲೆಯೇ ಅವಳು ಗಂಜಿಯ ತಟ್ಟೆಯನ್ನು ಪೂರ್ತಿ ಮುಗಿಸಿದ್ದು. ಹಣ, ಓಡಾಟ ಅಂತ ಇದನ್ನು ಕೊನೆಗೆ ಉಳಿಸಿಕೊಳ್ಳುವವರೇ ಹೆಚ್ಚು. ವಸಡು ಒಣಗಿದ್ದರೆ ನಾನು ಇದನ್ನೇ ಮೊದಲು ಮಾಡಿಸುತ್ತೇನೆ.

ಜ್ವರ ಅಂತ ಮನುಷ್ಯರ ಪ್ಯಾರಸಿಟಮಾಲ್ ಮಾತ್ರ ಕೊಡಲೇಬೇಡಿ, ಬೆಕ್ಕಿಗೆ ಅದು ವಿಷ. ಯಾವ ಲಸಿಕೆಗೆ ಏನಾಯಿತು ಅಂತ ಲಸಿಕೆ ಪುಸ್ತಕದಲ್ಲಿ ಬರೆಸಿಕೊಳ್ಳಿ. ಮುಂದಿನ ಲಸಿಕೆ ಕೊಡಬೇಕೋ ಬೇಡವೋ, ಕೊಟ್ಟರೆ ಎಷ್ಟು ಹೊತ್ತು ಆಸ್ಪತ್ರೆಯಲ್ಲೇ ಕೂರಿಸಿಕೊಳ್ಳಬೇಕು ಅಂತ ಡಾಕ್ಟರು ತೀರ್ಮಾನಿಸುವುದು ಅದನ್ನು ನೋಡಿಯೇ.