ಬಾಲ್ಕನಿಯ ಗಾಳಿ ಸೆನ್ಸರ್: ಎರಡು ವರ್ಷ ಬಳಸಿದ ಮೇಲೆ

ಗಾಳಿಯಲ್ಲಿನ ದೂಳು ಅಳೆಯುವ ಈ ಸೆನ್ಸರ್, ಬೆಂಗಳೂರಿನ ರಾಜಾಜಿನಗರದ ನಮ್ಮ ಬೀದಿಯ ನಾಲ್ಕು ಮನೆಯವರು ಬಿಡಿಭಾಗ ತರಿಸಿ ಮನೆಗೊಂದರಂತೆ ಜೋಡಿಸಿಕೊಂಡದ್ದು. ನನಗೆ ಬಿದ್ದ ಖರ್ಚು ಮೂರೂವರೆ ಸಾವಿರ. ತುಳಸಿ ಕುಂಡದ ಮೇಲೆ, ಪಿವಿಸಿ ಪೈಪಿನ ಎರಡು ಬೆಂಡುಗಳೊಳಗೆ ಕೂತಿದೆ.

ಬೈಯುವುದನ್ನು ಮೊದಲೇ ಬೈದುಬಿಡುತ್ತೇನೆ. ಮಂಜು ಕವಿದ ಡಿಸೆಂಬರ್ ಬೆಳಗ್ಗೆ ಇದು ಹಸಿ ಸುಳ್ಳು ಹೇಳುತ್ತದೆ. ಒಳಗಿರುವ ಎಸ್‌ಡಿಎಸ್011 ಎಂಬ ಅಳೆಯುವ ಭಾಗ ದೂಳನ್ನು ತೂಗುವುದಿಲ್ಲ. ಲೇಸರ್ ಬೆಳಕು ಕಣಕ್ಕೆ ತಾಗಿ ಚದುರುವುದನ್ನು ನೋಡಿ ಅಂದಾಜು ಕಟ್ಟುತ್ತದೆ. ತೇವ ಹೆಚ್ಚಿದರೆ ಕಣಗಳು ನೀರು ಕುಡಿದು ಊದಿಕೊಳ್ಳುತ್ತವೆ, ಮಂಜಿನ ಹನಿಯೂ ಇದರ ಲೆಕ್ಕಕ್ಕೆ ದೂಳೇ. ಮೊದಲ ಚಳಿಗಾಲದಲ್ಲಿ ಒಂದು ದಿನ ಪಿಎಂ2.5, ಅಂದರೆ ತೀರಾ ಸಣ್ಣ ದೂಳು, 180 ಎಂದು ತೋರಿಸಿತು. ನಮ್ಮ ದೇಶದ 24 ಗಂಟೆಯ ಮಿತಿಯೇ ಘನ ಮೀಟರಿಗೆ 60 ಮೈಕ್ರೋಗ್ರಾಂ. ಗಾಬರಿಯಾಗಿ ಬೀದಿಯ ವಾಟ್ಸ್ಯಾಪ್ ಗುಂಪಿಗೆ ಹಾಕಿದೆ, ಹಿರಿಯರೆಲ್ಲ ವಾಕಿಂಗ್ ಬಿಟ್ಟು ಕೂತರು. ಒಂಬತ್ತಕ್ಕೆ ಬಿಸಿಲು ಬಂದದ್ದೇ 45ಕ್ಕೆ ಇಳಿಯಿತು. ಕೆಳಗಿನ ಮನೆ ಅಂಕಲ್ ಈಗಲೂ ಕಂಡಾಗಲೆಲ್ಲ "ಏನಪ್ಪಾ, ಇವತ್ತು ಉಸಿರಾಡಬಹುದಾ?" ಅಂತಾರೆ. ಆಮೇಲೆ ತೇವ ಅಳೆಯುವ ಸೆನ್ಸರನ್ನೂ ಸೇರಿಸಿದೆ. ತೇವ ಶೇಕಡಾ 80 ದಾಟಿದರೆ ಬಾಯಿ ಮುಚ್ಚಿಕೊಂಡಿರುತ್ತೇನೆ.

ಭಾನುವಾರ ಕಾಫಿ ಆದಮೇಲೆ ಹಳೇ ಟೂತ್‌ಬ್ರಷ್ಷಿನಲ್ಲಿ ಪೈಪಿನ ಬಾಯಿ ಗುಡಿಸುವುದು ನನ್ನ ಕೆಲಸ. ಜೇಡಕ್ಕೆ ಆ ಜಾಗ ಬಲು ಇಷ್ಟ. "ಗಾಳಿಗೂ ಹಲ್ಲುಜ್ಜಿಸ್ತೀಯೇನೋ?" ಅಂತ ಅಮ್ಮ ನಗುತ್ತಾರೆ.

ಬಿಸಾಕಬೇಕೆಂದಿದ್ದವನನ್ನು ತಡೆದದ್ದು ಗ್ರಾಫು. ನಾಲ್ಕೂ ಮನೆಯ ಗೆರೆ ಒಟ್ಟಿಗೆ ಏರಿದರೆ ಅದು ಊರಿನ ಗಾಳಿ, ಸಾಣೆಗುರುವನಹಳ್ಳಿಯಲ್ಲಿ ಗಾಳಿ ಅಳೆಯುವ ಸರ್ಕಾರಿ ಕೇಂದ್ರದಲ್ಲೂ ಏರಿರುತ್ತದೆ. ನಮ್ಮದೊಂದೇ ಏರಿದರೆ? ಎಂಟೂಕಾಲಿಗಾದರೆ ನಮ್ಮ ಅಡುಗೆಮನೆಯ ಒಗ್ಗರಣೆ. ಆದರೆ ಫೆಬ್ರವರಿಯ ಒಣಹವೆಯಲ್ಲಿ ದಿನಾ ಆರೂ ಹತ್ತಕ್ಕೆ ಒಂದು ಗುಡ್ಡ ಏಳುತ್ತಿತ್ತು. ಎಲೆ ಸುಡುತ್ತಾರೆಂದು ಪೌರಕಾರ್ಮಿಕರ ಮೇಲೆ ದೂರು ಬರೆದಿಟ್ಟುಕೊಂಡಿದ್ದೆ. ಒಂದು ಬೆಳಗ್ಗೆ ಇಳಿದು ನೋಡಿದರೆ, ಹಿಂದಿನ ಕಟ್ಟಡದ ಕೆಲಸದ ಶೆಡ್ಡಿನಲ್ಲಿ ಪ್ಲೈವುಡ್ ಚೂರು ಉರಿಸಿ ಮಕ್ಕಳ ಸ್ನಾನಕ್ಕೆ ನೀರು ಕಾಯಿಸುತ್ತಿದ್ದಾರೆ. ನೀರು ಕಾಯಿಸುವ ಕರೆಂಟಿನ ಕಾಯಿಲ್ ಕೊಡಿಸೋಣವೆಂದರೆ ಶೆಡ್ಡಿಗೆ ಕರೆಂಟಿಲ್ಲ. ದೂರನ್ನು ಅಳಿಸಿದೆ. ಗುಡ್ಡ ಹಾಗೇ ಇದೆ.

ಲೇಸರಿನ ಆಯಸ್ಸು 8000 ಗಂಟೆ, ಅಂದರೆ ಬಿಡುವಿಲ್ಲದೆ ಓಡಿಸಿದರೆ ಹನ್ನೊಂದು ತಿಂಗಳು. ಎರಡೂವರೆ ನಿಮಿಷಕ್ಕೊಮ್ಮೆ ಮಾತ್ರ ಎಬ್ಬಿಸುವುದರಿಂದ ಇಷ್ಟು ದಿನ ಬಂತು. ಈಗ ಫ್ಯಾನು ಗೊರಗೊರ ಅನ್ನುತ್ತಿದೆ. ಹೊಸ ಸೆನ್ಸರ್ ಆರ್ಡರ್ ಮಾಡಿದ್ದೇನೆ, ಪೈಪು ಹಳೆಯದೇ ಸಾಕು.