ಹಿತ್ತಲ ಮಣ್ಣಿಗೆ ಸೀಸದ ಟೆಸ್ಟ್ ಮಾಡ್ಸಿದ್ವಿ, ಲ್ಯಾಬ್ ಹೇಗಿತ್ತು ಅಂತ ಹೇಳ್ತೀನಿ (5ಕ್ಕೆ 3.5)

ಮಡಿಕೇರಿಯಲ್ಲಿ ನಾವು ಹೋದ ವರ್ಷ ತಗೊಂಡ ಮನೆ ರೋಡ್ ಪಕ್ಕದಲ್ಲೇ ಇದೆ. ಹಿಂದೆ ಇದೇ ಕಾಂಪೌಂಡಲ್ಲಿ ಬ್ಯಾಟರಿ ರಿಪೇರಿ ಶೆಡ್ ಇತ್ತಂತೆ, ನಮಗೆ ಯಾರೂ ಹೇಳಿರ್ಲಿಲ್ಲ, ಗೊತ್ತಾಗಿದ್ದು ಅತ್ತೆ ಬಸಳೆ ಚಪ್ಪರಕ್ಕೆ ಗುಂಡಿ ತೋಡ್ಸೋವಾಗ. ಹಾರೆಗೆ ಏನೋ ತಾಗ್ತು, ತೆಗೆದು ತೊಳೆದು ನೋಡಿದ್ರೆ ಅಂಗೈ ಅಗಲದ ಬೂದು ಬಣ್ಣದ ತುಂಡು, ಜಾಲರಿ ಥರ ತೂತು ತೂತು, ಗಾತ್ರಕ್ಕೆ ಸಿಕ್ಕಾಪಟ್ಟೆ ಭಾರ, ಚಾಕು ತುದಿಯಲ್ಲಿ ಗೀರಿದ್ರೆ ಒಳಗೆ ಹೊಳಪು. ಪಕ್ಕದ ಮನೆ ಅಜ್ಜ ಬೇಲಿ ಮೇಲಿಂದಾನೇ ನೋಡಿ "ಹಳೇ ಬ್ಯಾಟರಿ ಪ್ಲೇಟ್ ಅಲ್ವಾಮ್ಮ ಅದು, ಇಲ್ಲೇ ಒಡೆದು ಹಾಕ್ತಿದ್ರು" ಅಂದ್ರು. ಬ್ಯಾಟರಿ ಪ್ಲೇಟ್ ಅಂದ್ರೆ ಸೀಸ, ಮಕ್ಕಳಿಗೆ ವಿಷ.

ನಮ್ಮ ಮಗಳಿಗೆ ಎರಡು ವರ್ಷ, ಮಣ್ಣು ಕೈಗೆ ಸಿಕ್ಕಿದ್ರೆ ಸೀದಾ ಬಾಯಿಗೆ. ಅವತ್ತು ರಾತ್ರಿ ನನಗೆ ನಿದ್ದೆ ಬರ್ಲಿಲ್ಲ.

ಇಲ್ಲಿ ಒಂದು ವಿಷಯ ಎಲ್ಲರೂ ತಿಳ್ಕೋಬೇಕು. ಮಣ್ಣು ಪರೀಕ್ಷೆ ಅಂದ್ರೆ ನಮ್ಮ ತೋಟದವರಿಗೆಲ್ಲ ಗೊತ್ತಿರೋದು ಸರ್ಕಾರದ ಸಾಯಿಲ್ ಹೆಲ್ತ್ ಕಾರ್ಡ್, ಅದರಲ್ಲಿ ನೋಡೋದು 12 ಅಂಶ: ಸಾರಜನಕ, ರಂಜಕ, ಪೊಟ್ಯಾಶ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಪಿಎಚ್, ಇಸಿ (ಲವಣದ ಅಳತೆ), ಸಾವಯವ ಇಂಗಾಲ. ಸೀಸ ಇಲ್ಲ, ಕ್ಯಾಡ್ಮಿಯಂ ಇಲ್ಲ. ಕಾರ್ಡ್ ಚೆನ್ನಾಗಿ ಬಂದಿದೆ ಅಂದ್ರೆ ಬೆಳೆಗೆ ಚೆನ್ನಾಗಿದೆ ಅಂತ ಅಷ್ಟೇ. ಹೆವಿ ಮೆಟಲ್ ಬೇಕು ಅಂತ ಬಾಯಿಬಿಟ್ಟು ಕೇಳ್ಬೇಕು, ಅದೂ ಯಾವ್ಯಾವ ಲೋಹ ಅಂತ ಹೆಸರು ಹೇಳಿ.

ನಾವು ಮೈಸೂರಿನ ಒಂದು ಪ್ರೈವೇಟ್ ಲ್ಯಾಬ್‌ಗೆ ಕೊಟ್ವಿ. ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್, ತಾಮ್ರ ನಾಲ್ಕೂ ಸೇರಿ ಒಂದು ಸ್ಯಾಂಪಲ್‌ಗೆ 2,400, ಮೂರು ಸ್ಯಾಂಪಲ್‌ಗೆ 7,200, ಮೇಲೆ ಜಿಎಸ್‌ಟಿ. ಫೋನ್ ಎತ್ತಿದ ಹುಡುಗಿ ತುಂಬಾ ತಾಳ್ಮೆಯಿಂದ ಹೇಳಿಕೊಟ್ಲು, ಅದಕ್ಕೆ ಪೂರ್ತಿ ಮಾರ್ಕ್ಸ್: ಮೇಲಿನ ಎಲೆ ಕಸ ಸರಿಸಿ, ಒಂದೇ ಕಡೆ ತೆಗೀಬೇಡಿ, ಒಂದು ಜಾಗದಲ್ಲೇ ಏಳೆಂಟು ಕಡೆಯಿಂದ 15 ಸೆಂಟಿಮೀಟರ್ ಆಳದವರೆಗೆ ತೆಗೆದು ಕಲಸಿ ಅರ್ಧ ಕೆಜಿ ಕಳಿಸಿ, ಮಗು ಆಡೋ ಜಾಗ ಆದ್ರೆ ಮೇಲಿನ ಎರಡು ಇಂಚೇ ಬೇರೆ ಕಳಿಸಿ, ತಗಡಿನ ಬಕೆಟ್ ಬೇಡ, ಪ್ಲಾಸ್ಟಿಕ್ ಟಬ್ ತಗೊಳ್ಳಿ ಅಂತ. ನಾನು ಮರದ ಸೌಟಲ್ಲಿ ಕೆರೆದು ತೆಗೆದೆ. ಮೊದಲನೇದು ಶೆಡ್ ಇದ್ದ ಜಾಗ, ಎರಡನೇದು ಅಡುಗೆಮನೆ ಹಿಂದೆ ಮಗು ಆಡೋ ಕಡೆ, ಮೂರನೇದು ಕಾಳುಮೆಣಸಿನ ಬಳ್ಳಿ ಬುಡ.

ಏಳು ದಿನ ಅಂದ್ರು, ರಿಪೋರ್ಟ್ ಬಂದಿದ್ದು 19ನೇ ದಿನಕ್ಕೆ. ಆ ಮಧ್ಯೆ ನಾವೇ ನಾಲ್ಕು ಸಲ ಫೋನ್ ಮಾಡ್ಬೇಕಾಯ್ತು. ಬಂದ ಮೇಲೂ ಒಂದು ಪುಟ ಬರೀ ನಂಬರ್, ಒಂದು ಸಾಲು ವಿವರಣೆ ಇಲ್ಲ. ಶೆಡ್ ಜಾಗದಲ್ಲಿ ಸೀಸ ಕೆಜಿಗೆ 410 ಮಿಲಿಗ್ರಾಂ, ಆಟದ ಜಾಗದಲ್ಲಿ 62, ಬಳ್ಳಿ ಬುಡದಲ್ಲಿ 28. ಮಾಮೂಲಿ ಮಣ್ಣಲ್ಲಿ ಸುಮಾರು 10ರಿಂದ 50 ಇರುತ್ತೆ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಮನೆ ಅಂಗಳದ ಮಣ್ಣಿಗೆ ಇದ್ದ 400ರ ಎಚ್ಚರಿಕೆ ಮಟ್ಟವನ್ನ 2024ರಲ್ಲಿ 200ಕ್ಕೆ ಇಳಿಸ್ತು. ಇದನ್ನೆಲ್ಲ ನಾನೇ ಹುಡುಕಿ ಓದ್ಬೇಕಾಯ್ತು.

ನನ್ನ ದೊಡ್ಡ ತಕರಾರು ತಾಮ್ರದ ವಿಷಯದಲ್ಲಿ. ಬಳ್ಳಿ ಬುಡದಲ್ಲಿ ತಾಮ್ರ 131 ಅಂತ ಬಂತು, ಹಳೇ ಹೆಲ್ತ್ ಕಾರ್ಡಲ್ಲಿ ಅದೇ ಬಳ್ಳಿ ಸಾಲಿಗೆ 4 ಅಂತ ಇತ್ತು, ಮನೆಯವರು ಗಾಬರಿಯಾಗಿ ಇಡೀ ಸಾಲು ಕಿತ್ತು ಹಾಕೋಣ ಅಂತ ಹೊರಟಿದ್ರು. ಆಮೇಲೆ ಪರಿಚಯದ ಕೃಷಿ ಪದವೀಧರರೊಬ್ಬರನ್ನ ಕೇಳಿದಾಗ ಅರ್ಥ ಆಯ್ತು, ಕಾರ್ಡಲ್ಲಿ ಕೊಡೋದು ಡಿಟಿಪಿಎ ದ್ರಾವಣಕ್ಕೆ ಬಿಟ್ಟುಕೊಳ್ಳೋ ತಾಮ್ರ, ಅಂದ್ರೆ ಗಿಡಕ್ಕೆ ಸಿಗೋ ಪಾಲು ಮಾತ್ರ, ಲ್ಯಾಬ್ ಕೊಟ್ಟಿದ್ದು ಮಣ್ಣನ್ನ ಆಸಿಡಲ್ಲಿ ಕರಗಿಸಿ ಅಳೆದ ಒಟ್ಟು ತಾಮ್ರ. ಎರಡನ್ನ ಪಕ್ಕಪಕ್ಕ ಇಟ್ಟು ಹೋಲಿಸೋ ಹಾಗೇ ಇಲ್ಲ. ಈ ಒಂದು ವಾಕ್ಯ ರಿಪೋರ್ಟಲ್ಲಿ ಹಾಕೋಕೆ ಏನು ಕಷ್ಟ ಇತ್ತು? ಇನ್ನು ತಾಮ್ರ ಬಂದಿದ್ದು ಎಲ್ಲಿಂದ ಅಂತ ಕೊಡಗಿನವರಿಗೆ ಹೇಳ್ಬೇಕಿಲ್ಲ. ವರ್ಷ ವರ್ಷ ಮಳೆಗೆ ಮುಂಚೆ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೀತೀವಲ್ಲ, 100 ಲೀಟರ್‌ಗೆ ಒಂದು ಕೆಜಿ, ಅದು ತೊಟ್ಟಿಕ್ಕಿ ಬುಡದಲ್ಲೇ ಕೂರುತ್ತೆ. ಹೊಡೀಬೇಡಿ ಅಂತ ನಾನು ಹೇಳ್ತಿಲ್ಲ, ಸೊರಗು ರೋಗ ಬಂದು ಬಳ್ಳಿ ಹೋದ್ರೆ ಆ ನೋವು ನನಗೂ ಗೊತ್ತು. ಆದ್ರೆ ತಾಮ್ರ ಜಾಸ್ತಿಯಾದ್ರೆ ಎರೆಹುಳಕ್ಕೆ ಕಷ್ಟ, ಅಳತೆ ಮೀರಿ ಹೊಡೆಯೋರು ಯೋಚನೆ ಮಾಡಿ.

ಇನ್ನೊಂದು, ಇಷ್ಟು ಮಳೆ ಹೊಡೆಯೋ ಊರಲ್ಲಿ ಎಲ್ಲ ಕೊಚ್ಚಿಕೊಂಡು ಹೋಗಿರುತ್ತೆ ಬಿಡಿ ಅಂತ ತುಂಬಾ ಜನ ನನಗೆ ಹೇಳಿದ್ರು. ಹಂಗಾಗಲ್ಲ. ಸೀಸ ಜೇಡಿ ಕಣಕ್ಕೆ ಅಂಟಿಕೊಂಡು ಮೇಲಿನ ಪದರದಲ್ಲೇ ಇರುತ್ತೆ, ಪೆಟ್ರೋಲಲ್ಲಿ ಸೀಸ ನಿಂತಿದ್ದು 2000ದಲ್ಲಿ, ಅದಕ್ಕೂ ಮುಂಚಿನ ಹೊಗೆಯ ಸೀಸ ರೋಡ್ ಬದಿ ಮಣ್ಣಲ್ಲಿ ಇನ್ನೂ ಸಿಗುತ್ತೆ. ಮಳೆ ಕೊಚ್ಚೋದು ಸುಣ್ಣದ ಅಂಶವನ್ನ, ಅದಕ್ಕೇ ನಮ್ಮ ಮಣ್ಣು ಹುಳಿ, ಹುಳಿ ಮಣ್ಣಲ್ಲಿ ಕ್ಯಾಡ್ಮಿಯಂ, ಸೀಸ ಗಿಡಕ್ಕೆ ಇನ್ನೂ ಸಲೀಸಾಗಿ ಸಿಗುತ್ತೆ. ನಮ್ಮ ಪಿಎಚ್ 5.1 ಇತ್ತು, ಈಗ ಸುಣ್ಣ ಹಾಕಿ, ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಸೇರಿಸಿದ್ದೀವಿ.

ಮಗಳ ರಕ್ತ ಪರೀಕ್ಷೆ ಮಾಡ್ಸಿದ್ವಿ, ಸೀಸ ಡೆಸಿಲೀಟರ್‌ಗೆ 3.1 ಮೈಕ್ರೋಗ್ರಾಂ. 5 ಮುಟ್ಟಿದ್ರೆ ಮೂಲ ಹುಡುಕಿ ತಡೀಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ, ಆದ್ರೆ ಮಕ್ಕಳಿಗೆ ಇಷ್ಟು ಸೀಸ ಪರವಾಗಿಲ್ಲ ಅನ್ನೋ ಲೆಕ್ಕವೇ ಇಲ್ಲ, ಡಾಕ್ಟರ್ ಆರು ತಿಂಗಳಿಗೆ ಮತ್ತೆ ಬನ್ನಿ ಅಂದಿದ್ದಾರೆ. ಶೆಡ್ ಜಾಗಕ್ಕೆ ದಪ್ಪ ಬಟ್ಟೆ ಹಾಸಿ ಜಲ್ಲಿ ಸುರಿಸಿದ್ವಿ. ಬೇಲಿ ಪಕ್ಕದ ಮದ್ದು ಸೊಪ್ಪು ಅದೇ ಮಣ್ಣಲ್ಲಿತ್ತು, ಅತ್ತೆಗೆ ಮನಸ್ಸಿರ್ಲಿಲ್ಲ, ಆದ್ರೂ ಕಿತ್ವಿ, ಕೊಡಗಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡೋ ಕಕ್ಕಡ 18ರ ಹಬ್ಬಕ್ಕೆ ಈ ಸಲ ಸೊಪ್ಪು ನಾಪೋಕ್ಲಿನ ನಾದಿನಿ ಮನೆಯಿಂದ ಬಂತು. ದಂಟು, ಬಸಳೆ, ಮೂಲಂಗಿ ಈಗ ಎತ್ತರದ ಮಡಿಯಲ್ಲಿ, ಸೊಪ್ಪು ಗೆಡ್ಡೆಗಳಲ್ಲೇ ಲೋಹ ಜಾಸ್ತಿ ಸೇರೋದು, ಬೀನ್ಸ್ ಟೊಮೆಟೊಗೆ ಅಷ್ಟು ಭಯ ಇಲ್ಲ.

ಯಾವ ಲ್ಯಾಬ್‌ಗೆ ಕೊಟ್ರೂ ಎನ್‌ಎಬಿಎಲ್ (ಲ್ಯಾಬ್ ಪರಿಶೀಲಿಸೋ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯಾ, ಆ ಮಾನ್ಯತೆಯ ಪಟ್ಟಿಯಲ್ಲಿ ನೀರು ಮಾತ್ರ ಅಲ್ಲ, ಮಣ್ಣೂ ಇದೆಯಾ ಕೇಳಿ. ಅಳತೆ ಬಗ್ಗೆ ನನಗೆ ಇವರ ಮೇಲೆ ನಂಬಿಕೆ ಇದೆ, ಶೆಡ್ ಜಾಗದ ಸ್ಯಾಂಪಲ್‌ನ ಇನ್ನರ್ಧ ಬೇರೆ ಕಡೆ ಕೊಟ್ಟಾಗ 396 ಬಂತು. ಮಳೆ ನಿಂತ ಮೇಲೆ ಆಟದ ಜಾಗದ ಮಣ್ಣನ್ನ ಮತ್ತೆ ಇವರಿಗೇ ಕಳಿಸ್ತೀನಿ, ತಾರೀಕು ಮತ್ತೆ ವಿವರಣೆ ಎರಡನ್ನೂ ಮೊದಲೇ ಬರೆಸ್ಕೊಂಡು.