ಕೈಯಲ್ಲಿ ತಿರುಗಿಸುವ ಕಾಫಿ ಗ್ರೈಂಡರ್: ಹದಿನಾಲ್ಕು ತಿಂಗಳು ಬಳಸಿದ ಮೇಲೆ

ಹೋದ ವರ್ಷ ಗೌರಿ ಹಬ್ಬದ ವಾರ 4,300 ರೂಪಾಯಿ ಕೊಟ್ಟು ಒಂದು ಕೈ ಗ್ರೈಂಡರ್ ತರಿಸಿದೆ. ಡಬ್ಬಿ ಬಿಚ್ಚಿದಾಗ ನಮ್ಮನೆಯವರು ಒಂದೇ ಮಾತು ಕೇಳಿದರು: "ಪುಡಿ ಅಂಗಡಿಯವರು ದುಡ್ಡಿಲ್ಲದೆ ಬೀಸಿ ಕೊಡ್ತಾರಲ್ಲ, ಇದು ಯಾಕೆ?" ಆವತ್ತು ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಈಗ ಇದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಬಾಳೆಹೊನ್ನೂರಿನ ಆಚೆ. ನಮ್ಮೂರಿನ ಹತ್ತಿರ 1925ರಿಂದ ಕಾಫಿ ಸಂಶೋಧನಾ ಕೇಂದ್ರ ಇದೆ. ಅಲ್ಲಿ ತಯಾರಾದ ಸೆಲೆಕ್ಷನ್ 795 ಅನ್ನುವ ಅರೇಬಿಕಾ ತಳಿ ನಮ್ಮ ಕಡೆ ತೋಟಗಳಲ್ಲೆಲ್ಲ ಇತ್ತು. ಮನೆಯಲ್ಲಿ ಅಮ್ಮ ಬೀಜವನ್ನು ಕಬ್ಬಿಣದ ಬಾಣಲೆಯಲ್ಲಿ ಹುರಿಯುತ್ತಿದ್ದರು. ಅಡುಗೆಮನೆಯ ಮರದ ಹಲಗೆಗೆ ಬಿಗಿದಿದ್ದ ಕಬ್ಬಿಣದ ಮಿಷನ್ನಿನಲ್ಲಿ ಬೆಳಿಗ್ಗೆ ಒಂದು ಹಿಡಿ ಬೀಸುತ್ತಿದ್ದರು. ಆ ಗರಗರ ಸದ್ದಿಗೇ ನಾವು ಎದ್ದೇಳುತ್ತಿದ್ದದ್ದು. ಮದುವೆಯಾಗಿ ಮೈಸೂರಿಗೆ ಬಂದ ಮೇಲೆ ಇಪ್ಪತ್ತಾರು ವರ್ಷ ಪ್ಯಾಕೆಟ್ ಪುಡಿಯ ಕಾಫಿ ಕುಡಿದೆ. ಏನೋ ಕಮ್ಮಿ ಇದೆ ಅಂತ ಅನ್ನಿಸುತ್ತಲೇ ಇತ್ತು. ಹಾಲು ಸರಿ ಇಲ್ಲ, ನೀರು ಸರಿ ಇಲ್ಲ, ಅಂತ ಸುಮ್ನೆ ಅಂದುಕೊಳ್ಳುತ್ತಿದ್ದೆ.

ಒಂದು ದಿನ ಪ್ಯಾಕೆಟ್ಟಿನ ಹಿಂಬದಿ ಓದಿದೆ. ಕಾಫಿ 53, ಚಿಕೋರಿ 47 ಅಂತ ಸಣ್ಣ ಅಕ್ಷರದಲ್ಲಿತ್ತು. ಅದರಲ್ಲಿ ಮೋಸ ಏನೂ ಇಲ್ಲ. ಕಾಫಿ ಶೇಕಡ 51ಕ್ಕಿಂತ ಕಮ್ಮಿ ಇರಬಾರದು ಅಂತ ನಿಯಮವಿದೆ, ಅವರು ಅದನ್ನು ಪಾಲಿಸಿದ್ದಾರೆ, ಅಚ್ಚು ಹಾಕಿಯೂ ಹೇಳಿದ್ದಾರೆ. ಓದದೆ ಇದ್ದದ್ದು ನಾನು. ಚಿಕೋರಿ ಅಂದರೆ ಹುರಿದ ಬೇರು. ಬಣ್ಣ ಕೊಡುತ್ತದೆ, ಗಟ್ಟಿತನ ಕೊಡುತ್ತದೆ, ಒಂದು ಥರದ ಸಿಹಿಕಹಿ ಕೊಡುತ್ತದೆ. ನನಗೆ ಅದು ಸ್ವಲ್ಪ ಬೇಕು. ಆದರೆ ಅರ್ಧಕ್ಕರ್ಧ ಬೇಡ. ಅವತ್ತೇ ಬೀಜ ತಂದೆ.

ಮೊದಲು ಮಿಕ್ಸಿಯ ಸಣ್ಣ ಜಾರಿಗೆ ಹಾಕಿ ತಿರುಗಿಸಿದೆ. ಎಲ್ಲರೂ ಮಾಡುವುದು ಅದೇ ಅಲ್ವಾ? ಪುಡಿಯನ್ನು ಬಿಳಿ ಕಾಗದದ ಮೇಲೆ ಹರಡಿ ನೋಡಿ, ಗೊತ್ತಾಗುತ್ತದೆ. ಒಂದು ಪಾಲು ಮೈದಾ ಹಿಟ್ಟಿನ ಹಾಗೆ, ಒಂದು ಪಾಲು ಬನ್ಸಿ ರವೆಯ ಹಾಗೆ, ನಡುವೆ ಅಲ್ಲಲ್ಲಿ ಒಡೆದ ಬೀಜದ ಚೂರು. ಹಿಟ್ಟಿನಂಥದ್ದು ಬೇಗ ಕಹಿ ಬಿಡುತ್ತದೆ, ಚೂರುಗಳು ಏನೂ ಬಿಡದೆ ಹಾಗೇ ಕೂತಿರುತ್ತವೆ. ಒಂದೇ ಲೋಟದಲ್ಲಿ ಕಹಿಯೂ ಇರುತ್ತದೆ, ಸಪ್ಪೆಯೂ ಇರುತ್ತದೆ. ಜಾಸ್ತಿ ಹೊತ್ತು ತಿರುಗಿಸಿದರೆ ಜಾರಿನ ತಳ ಬಿಸಿಯಾಗುತ್ತದೆ, ಪುಡಿಯೂ ಬಿಸಿಯಾಗುತ್ತದೆ.

ಬೀಸುವ ಕಲ್ಲು ನೋಡಿದವರಿಗೆ ಕೈ ಗ್ರೈಂಡರ್ ವಿಚಾರ ಸುಲಭವಾಗಿ ಅರ್ಥವಾಗುತ್ತದೆ. ಮಿಕ್ಸಿ ಬ್ಲೇಡು ಸಿಕ್ಕಿದ್ದನ್ನು ಸಿಕ್ಕಿದ ಹಾಗೆ ಹೊಡೆಯುತ್ತದೆ. ಬೀಸುವ ಕಲ್ಲಿನಲ್ಲಿ ಎರಡು ಕಲ್ಲಿನ ನಡುವೆ ಇರುವ ಸಂದಿಯಷ್ಟೇ ನುಣ್ಣಗೆ ಕಾಳು ಹೊರಗೆ ಬರುತ್ತದೆ. ಈ ಗ್ರೈಂಡರ್ ಒಳಗೂ ಒಂದರೊಳಗೆ ಒಂದು ಕೂರುವ ಎರಡು ಉಕ್ಕಿನ ಹಲ್ಲುಚಕ್ರಗಳಿವೆ. ಇದಕ್ಕೆ ಬರ್ ಅನ್ನುತ್ತಾರೆ. ಕೆಳಗಿನ ತಿರುಪು ಒಂದೊಂದು ಕ್ಲಿಕ್ ತಿರುಗಿಸಿದ ಹಾಗೆ ಸಂದಿ ಹೆಚ್ಚುಕಮ್ಮಿ ಆಗುತ್ತದೆ. ಬೀಜ ಮೇಲಿಂದ ಇಳಿಯುತ್ತದೆ, ಪುಡಿ ಕೆಳಗಿನ ಬಟ್ಟಲಿಗೆ ಬೀಳುತ್ತದೆ. ಕರೆಂಟು ಬೇಡ.

ಕಂಪನಿ ಹೆಸರು ಬರೆಯುತ್ತಿಲ್ಲ. ಇದೇ ಥರದ್ದು ಹಲವು ಕಂಪನಿಯವು ಸಿಗುತ್ತವೆ, ನಾನು ಬಳಸಿದ್ದು ಎರಡೇ. ಎರಡು ಅಂದೆ, ಯಾಕೆಂದರೆ ಮೊದಲು 900 ರೂಪಾಯಿಯ ಒಂದನ್ನು ತರಿಸಿ ಕೈ ಸುಟ್ಟುಕೊಂಡಿದ್ದೆ. ಅದರ ಹಲ್ಲು ಪಿಂಗಾಣಿಯದು. ನಡುವಿನ ಕಡ್ಡಿ ಕೆಳಗಡೆ ಅಲ್ಲಾಡುತ್ತಿತ್ತು. ಕಡ್ಡಿ ಅಲ್ಲಾಡಿದರೆ ಸಂದಿ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಪುಡಿ ಮಿಕ್ಸಿಯದಕ್ಕಿಂತ ಸ್ವಲ್ಪ ವಾಸಿ, ಅಷ್ಟೆ. ಒಂದು ಬೆಳಗಿನ ಪುಡಿಗೆ ಏಳೆಂಟು ನಿಮಿಷ ತಿರುಗಿಸಬೇಕಿತ್ತು. ನೀವು ಕೊಳ್ಳುವಾಗ ಬಟ್ಟಲು ಬಿಚ್ಚಿ, ಒಳಗಿನ ಹಲ್ಲನ್ನು ಬೆರಳಲ್ಲಿ ಆಚೀಚೆ ತಳ್ಳಿ ನೋಡಿ. ಅಲ್ಲಾಡಿದರೆ ವಾಪಸ್ ಕಳಿಸಿ. ಬೆಲೆ, ಬಣ್ಣ, ಚರ್ಮದ ಚೀಲ, ಇವೆಲ್ಲ ಆಮೇಲಿನ ಮಾತು.

ಎರಡನೆಯದು ಉಕ್ಕಿನ ಹಲ್ಲಿನದು. ಕೈಯಲ್ಲಿ ಹಿಡಿದರೆ ಅರ್ಧ ಕೆ.ಜಿ.ಯಷ್ಟು ತೂಕ. ಒಂದು ಸಲಕ್ಕೆ 25 ಗ್ರಾಂ ಬೀಜ ಹಿಡಿಯುತ್ತದೆ. ಫಿಲ್ಟರ್ ಹದಕ್ಕೆ ಬೀಸಲು ಸುಮಾರು ಎರಡು ನಿಮಿಷ ಸಾಕು. ಹಾಲು ಒಲೆ ಮೇಲಿಟ್ಟು, ಕಿಟಕಿ ಹತ್ತಿರ ನಿಂತು ತಿರುಗಿಸುತ್ತೇನೆ.

ಇದರ ಜೊತೆ ಬಂದ ಕಾಗದದಲ್ಲಿ ಬೇರೆ ದೇಶದ ಕಾಫಿಗಳಿಗೆಲ್ಲ ಯಾವ ಕ್ಲಿಕ್ ಅಂತ ಬರೆದಿದ್ದರು. ನಮ್ಮ ಫಿಲ್ಟರ್ ಹೆಸರೇ ಇರಲಿಲ್ಲ. ನಾನೇ ಹುಡುಕಿಕೊಳ್ಳಬೇಕಾಯಿತು, ಅದಕ್ಕೆ ಮೂರು ವಾರ ಹಿಡಿಯಿತು. ಈ ಮೂರು ವಾರದ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಬಹಳ ಜನ ಇಲ್ಲೇ ಬೇಸತ್ತು ಗ್ರೈಂಡರನ್ನು ಅಟ್ಟಕ್ಕೆ ಹಾಕಿಬಿಡುತ್ತಾರೆ.

ಮೊದಲನೇ ದಿನ ಪ್ಯಾಕೆಟ್ ಪುಡಿಯಷ್ಟು ನುಣ್ಣಗೆ ಬೀಸಿದೆ, 6 ಕ್ಲಿಕ್. ರಾತ್ರಿ ಫಿಲ್ಟರಿಗೆ ಹಾಕಿ, ನೀರು ಹುಯ್ದು ಮಲಗಿದೆ. ಬೆಳಿಗ್ಗೆ ನೋಡಿದರೆ ಮೇಲಿನ ಪಾತ್ರೆಯಲ್ಲಿ ನೀರು ಹಾಗೇ ನಿಂತಿದೆ, ಕೆಳಗೆ ನಾಲ್ಕು ಚಮಚ ಡಿಕಾಕ್ಷನ್. ಮೇಲಿನದನ್ನು ಎತ್ತಿ ಕುಟ್ಟಲು ಹೋಗಿ ಕಟ್ಟೆಯೆಲ್ಲ ಕಾಫಿ. ತೂತುಗಳು ಕಟ್ಟಿಕೊಂಡಿದ್ದವು. ಮೇಲಿನ ಪಾತ್ರೆಯ ತಳವನ್ನು ಗ್ಯಾಸ್ ಉರಿಯ ಮೇಲೆ ಹಿಡಿದು, ಕೂತಿದ್ದ ಚರಟ ಸುಟ್ಟು, ತಟ್ಟಿ ತೊಳೆದೆ. ನಮ್ಮ ಅತ್ತೆ ಮಾಡುತ್ತಿದ್ದ ಉಪಾಯ ಅದು, ಈಗಲೂ ತಿಂಗಳಿಗೊಮ್ಮೆ ಮಾಡುತ್ತೇನೆ.

ಹೆದರಿ ಮರುದಿನ 18 ಕ್ಲಿಕ್ಕಿಗೆ ಇಟ್ಟೆ. ಪುಡಿ ರವೆಯ ಹಾಗೆ ಬಂತು. ನೀರು ಹುಯ್ದ ಐದೇ ನಿಮಿಷಕ್ಕೆ ಎಲ್ಲ ಇಳಿದುಬಿಟ್ಟಿತು. ಡಿಕಾಕ್ಷನ್ ತೆಳ್ಳಗೆ, ಕೆಂಪಗೆ, ಬಾಯಿಗೆ ಹುಳಿ. ಹಾಲು ಬೆರೆಸಿದರೆ ಕಾಫಿ ಎಲ್ಲಿದೆ ಅಂತ ಹುಡುಕಬೇಕು. ಆಮೇಲೆ ಎರಡು ಮೂರು ದಿನಕ್ಕೆ ಒಂದು ಕ್ಲಿಕ್ ಇಳಿಸುತ್ತಾ, ಕ್ಯಾಲೆಂಡರಿನ ಅಂಚಲ್ಲಿ ಬರೆಯುತ್ತಾ ಹೋದೆ: ಎಷ್ಟು ಕ್ಲಿಕ್, ಇಳಿಯಲು ಎಷ್ಟು ನಿಮಿಷ, ರುಚಿ ಹೇಗೆ. 11ಕ್ಕೆ ಬಂದಾಗ 25 ನಿಮಿಷದಲ್ಲಿ ಪೂರ್ತಿ ಇಳಿಯಿತು. ಬೆರಳ ನಡುವೆ ಉಜ್ಜಿದರೆ ಪುಡಿ ಸಣ್ಣ ಉಪ್ಪಿಗಿಂತ ಒಂದು ಹದ ನುಣ್ಣಗೆ. ಆವತ್ತಿನ ಕಾಫಿ ಕುಡಿದು ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬಾಳೆಹೊನ್ನೂರಿನ ಅಡುಗೆಮನೆ ನೆನಪಾಯಿತು.

ನಿಮ್ಮ ಗ್ರೈಂಡರಿನಲ್ಲಿ 11 ಅನ್ನುವುದಕ್ಕೆ ಅರ್ಥವಿಲ್ಲ, ಪ್ರತಿಯೊಂದರ ತಿರುಪೂ ಬೇರೆ. ನಿಮಿಷ ನೋಡಿಕೊಳ್ಳಿ. ಇಪ್ಪತ್ತರಿಂದ ಮೂವತ್ತು ನಿಮಿಷದೊಳಗೆ ಇಳಿದರೆ ಹದ ಸರಿ ಇದೆ ಅಂತ.

ನನ್ನ ಲೆಕ್ಕ ಹೀಗೆ. ಇಬ್ಬರಿಗೆ 24 ಗ್ರಾಂ ಪುಡಿ, 150 ಮಿ.ಲೀ. ನೀರು. ಪುಡಿಯೇ 50 ಮಿ.ಲೀ.ಯಷ್ಟು ಹೀರಿಕೊಳ್ಳುತ್ತದೆ, ಕೆಳಗೆ ಸಿಗುವುದು ಸುಮಾರು 100. ನೀರು ಕುದಿ ಬಂದ ಮೇಲೆ ಅರ್ಧ ನಿಮಿಷ ಬಿಟ್ಟು, ಮೊದಲು ಪುಡಿ ನೆನೆಯುವಷ್ಟು ಮಾತ್ರ ಹಾಕಿ ನಿಲ್ಲುತ್ತೇನೆ. ಹೊಸ ಬೀಜವಾದರೆ ಪುಡಿ ಉಬ್ಬಿ ಗುಳ್ಳೆ ಬರುತ್ತದೆ. ಹುರಿದ ಬೀಜದೊಳಗೆ ಸಿಕ್ಕಿಕೊಂಡಿರುವ ಗಾಳಿ ಅದು, ಇಂಗಾಲದ ಡೈಆಕ್ಸೈಡ್. ಪ್ಯಾಕೆಟ್ ಪುಡಿಯಲ್ಲಿ ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ನಾನು ಈ ಗುಳ್ಳೆ ನೋಡಿರಲಿಲ್ಲ. ಗುಳ್ಳೆ ಅಡಗಿದ ಮೇಲೆ ಉಳಿದ ನೀರು. ಕೊಡೆಯನ್ನು, ಅಂದರೆ ಪುಡಿಯ ಮೇಲೆ ಕೂರಿಸುವ ಹಿಡಿಯ ತೂತುಬಿಲ್ಲೆಯನ್ನು, ಹಗುರವಾಗಿ ಇಡಿ, ಒತ್ತಿ ಬಿಗಿಯಬೇಡಿ. ಫಿಲ್ಟರ್ ಚಿಕ್ಕದಿರಲಿ. ಆರು ಜನರ ಫಿಲ್ಟರಿನಲ್ಲಿ ಇಬ್ಬರ ಪುಡಿ ಹಾಕಿದರೆ ತಳದಲ್ಲಿ ತೆಳ್ಳಗೆ ಹರಡಿಕೊಂಡು ನೀರು ಸರ್ರನೆ ಇಳಿದುಬಿಡುತ್ತದೆ.

ಅಂಗಡಿಯಲ್ಲಿ ಬೀಸಿಸಿದ್ದಕ್ಕೂ ಮನೆಯಲ್ಲಿ ಬೀಸಿದ್ದಕ್ಕೂ ಇಷ್ಟು ವ್ಯತ್ಯಾಸವೇ ಅಂತ ನಮ್ಮನೆಯವರಿಗೆ ನಂಬಿಕೆ ಬರಲಿಲ್ಲ. ಸರಿ, ಒಂದೇ ಚೀಲದ ಬೀಜದಲ್ಲಿ ಅರ್ಧವನ್ನು ಅಂಗಡಿಯಲ್ಲೇ ಬೀಸಿಸಿ ತಂದೆ, ಇನ್ನರ್ಧ ಬೀಜವಾಗೇ ಇಟ್ಟೆ. ಮೊದಲ ದಿನ ಎರಡೂ ಒಂದೇ. ಮೂರನೇ ದಿನ ಅಂಗಡಿ ಪುಡಿ ಸ್ವಲ್ಪ ಮಂಕು. ಹತ್ತನೇ ದಿನ ಎರಡು ಲೋಟ ಮುಂದಿಟ್ಟು ಯಾವುದು ಯಾವುದು ಅಂತ ಹೇಳದೆ ಕೊಟ್ಟೆ. ಮೂಗು ಹತ್ತಿರ ತಂದ ಕೂಡಲೇ ಹೇಳಿದರು. ಕಾಫಿ ಪುಡಿ ಅಂಗಡಿ ಮುಂದೆ ಹೋದರೆ ರಸ್ತೆಯೆಲ್ಲ ಘಮ್ಮೆನ್ನುತ್ತದಲ್ಲ, ಆ ಘಮ ಬೀಸಿದ ಪುಡಿಯಿಂದ ಹೊರಟು ಹೋಗುತ್ತಿರುವ ಘಮವೇ. ಬೀಜ ಇಡಿಯಾಗಿರುವವರೆಗೆ ಅದು ಬಹಳಷ್ಟು ಒಳಗೇ ಇರುತ್ತದೆ. ನಮ್ಮನೆಯವರ ಮೊದಲ ದಿನದ ಪ್ರಶ್ನೆಗೆ ಉತ್ತರ ಇದು.

ಬೀಜದ ವಿಚಾರ ಚಿಕ್ಕದಾಗಿ. ನಮ್ಮ ಬಡಾವಣೆಯ ಪುಡಿ ಅಂಗಡಿಯಿಂದಲೇ ಈಗಲೂ ತರುತ್ತೇನೆ, ಪುಡಿ ಬದಲು ಬೀಜ ಅಂತ ಕೇಳುತ್ತೇನೆ, ಅಷ್ಟೆ. ಯಾವತ್ತು ಹುರಿದದ್ದು ಅಂತ ಕೇಳಿ, ಹೇಳುತ್ತಾರೆ. ಪ್ಲಾಂಟೇಶನ್ ಎ ಅನ್ನುವ ದರ್ಜೆಯ ಅರೇಬಿಕಾ ಮುಕ್ಕಾಲು ಪಾಲು, ಕಾಫಿಯ ಇನ್ನೊಂದು ಜಾತಿಯಾದ ರೊಬಸ್ಟಾ ಕಾಲು ಪಾಲು ನನಗೆ ಹಿಡಿಸಿದೆ. ರೊಬಸ್ಟಾ ಇಲ್ಲದಿದ್ದರೆ ಹಾಲಿನ ಜೊತೆ ನಿಲ್ಲುವ ಗಟ್ಟಿತನ ಬರುವುದಿಲ್ಲ, ಜಾಸ್ತಿಯಾದರೆ ಒರಟು. ಪೀಬೆರಿ ಅಂದರೆ ಹಣ್ಣಿನೊಳಗೆ ಎರಡು ಬೀಜದ ಬದಲು ಒಂದೇ ಗುಂಡು ಬೀಜ ಬಂದದ್ದು. ಚೆನ್ನಾಗಿರುತ್ತದೆ, ಆದರೆ ಅದಕ್ಕೆ ಕೊಡುವ ಹೆಚ್ಚಿನ ದುಡ್ಡಿನಷ್ಟು ವ್ಯತ್ಯಾಸ ನನ್ನ ನಾಲಿಗೆಗೆ ಸಿಗಲಿಲ್ಲ. ಚಿಕೋರಿಯನ್ನು ಬೇರೆ ತಂದು, ಗಾಳಿಯಾಡದ ಡಬ್ಬಿಯಲ್ಲಿಟ್ಟು, ಬೀಸಿದ ಪುಡಿಗೆ ಅರ್ಧ ಚಮಚ ಬೆರೆಸುತ್ತೇನೆ. ಅದನ್ನು ಗ್ರೈಂಡರಿಗೆ ಹಾಕಬೇಡಿ. ತೇವ ಎಳೆದುಕೊಂಡು ಹಲ್ಲಿಗೆ ಅಂಟುತ್ತದೆ.

ಹೋದ ಬೇಸಿಗೆಯಲ್ಲಿ ಅಮ್ಮ ಬಂದಿದ್ದರು. ಎಂಬತ್ತೊಂದು ವಯಸ್ಸು. ಗ್ರೈಂಡರನ್ನು ತೊಡೆ ನಡುವೆ ಇಟ್ಟುಕೊಂಡು ಎರಡು ಸುತ್ತು ತಿರುಗಿಸಿ, "ಹಗುರ ಇದೆ ಕಣೇ, ನಮ್ಮ ಮಿಷನ್ನಿಗೆ ರಟ್ಟೆ ಬೇಕಿತ್ತು" ಅಂದರು. ಕಾಫಿ ಕುಡಿದು, "ಹುರಿ ಇನ್ನೊಂಚೂರು ಏರಬೇಕಿತ್ತು" ಅಂದರು. ಅವರು ಹೇಳಿದ್ದು ನಿಜ. ಮುಂದಿನ ಸಲ ಅಂಗಡಿಯಲ್ಲಿ ಒಂದು ಹದ ಹೆಚ್ಚು ಹುರಿದದ್ದನ್ನೇ ಕೇಳಿ ತಂದೆ. ಆಗಿನಿಂದ ಅದೇ.

ಈಗ ತೊಂದರೆಗಳು. ಹಿಡಿಯ ಮರದ ಗುಂಡಿ ಐದನೇ ತಿಂಗಳಿಗೆ ಸಡಿಲವಾಯಿತು. ಮಾರಿದವರಿಗೆ ಮೂರು ಸಲ ಬರೆದರೂ ಉತ್ತರವಿಲ್ಲ. ಕೊನೆಗೆ ಸೈಕಲ್ ಅಂಗಡಿಯಲ್ಲಿ ಒಂದು ವಾಷರ್ ಹಾಕಿಸಿದೆ, ಸರಿಹೋಯಿತು. ಫೆಬ್ರವರಿ, ಮಾರ್ಚಿನ ಒಣ ಹವೆಯಲ್ಲಿ ಪುಡಿ ಬಟ್ಟಲಿನ ಮೈಗೆಲ್ಲ ಅಂಟಿಕೊಂಡು ಉದುರುವುದೇ ಇಲ್ಲ. ಚಮಚದ ಹಿಡಿಯನ್ನು ನೀರಲ್ಲಿ ಅದ್ದಿ, ಬೀಜದೊಳಗೆ ಒಮ್ಮೆ ಆಡಿಸಿ ಬೀಸಿದರೆ ಅಂಟುವುದಿಲ್ಲ. ಒಂದು ಹನಿ ಸಾಕು, ಜಾಸ್ತಿ ಬೇಡ. ಹಲ್ಲುಗಳನ್ನು ನೀರಲ್ಲಿ ತೊಳೆಯುವ ಹಾಗಿಲ್ಲ. ಹದಿನೈದು ದಿನಕ್ಕೊಮ್ಮೆ ಬಿಚ್ಚಿ ಒಣ ಬ್ರಷ್ಷಿನಲ್ಲಿ ಉಜ್ಜಬೇಕು. ಒಂದು ಸಲ ಎರಡು ತಿಂಗಳು ಬಿಟ್ಟಿದ್ದೆ. ಬೀಜದ ಎಣ್ಣೆ ಕೂತು ಕಮಟು ವಾಸನೆ ಬಂದು, ಒಂದು ವಾರದ ಕಾಫಿ ಹಾಳಾಯಿತು.

ನೆಂಟರು ಬಂದರೆ ಇದರಿಂದ ಆಗುವುದಿಲ್ಲ. ಹೋದ ದೀಪಾವಳಿಗೆ ಮನೆಯಲ್ಲಿ ಹನ್ನೊಂದು ಜನ. ಐದು ಸಲ ತುಂಬಿ ಬೀಸುವಷ್ಟರಲ್ಲಿ ತೋಳು ಸೋತು ಹೋಯಿತು. ಈಗ ಹಬ್ಬದ ಹಿಂದಿನ ದಿನ ಕಾಲು ಕೆ.ಜಿ. ಬೀಜವನ್ನು ಅಂಗಡಿಯಲ್ಲೇ ಬೀಸಿಸಿ ತರುತ್ತೇನೆ. ಎರಡು ದಿನದಲ್ಲಿ ಮುಗಿಯುವ ಪುಡಿಗೆ ಅದೇ ಸರಿ. ಮಣಿಕಟ್ಟು ನೋವು, ಭುಜ ನೋವು ಇರುವವರು ಕೈಯದನ್ನು ಕೊಳ್ಳಬೇಡಿ, ಕರೆಂಟಿನ ಬರ್ ಗ್ರೈಂಡರ್ ನೋಡಿ, ಬೆಲೆ ಎರಡು ಮೂರು ಪಟ್ಟು. ಮನೆಯಲ್ಲಿ ನಾಲ್ಕು ಜನಕ್ಕಿಂತ ಹೆಚ್ಚು ಕಾಫಿ ಕುಡಿಯುವವರಿದ್ದರೂ ಅದೇ ಮಾತು. ಒಬ್ಬರು, ಇಬ್ಬರು ಇರುವ ಮನೆಗೆ ಮಾತ್ರ ಇದನ್ನು ಧೈರ್ಯವಾಗಿ ಹೇಳುತ್ತೇನೆ.

4,300 ರೂಪಾಯಿ ಒಟ್ಟಿಗೆ ಕೊಡುವುದು ಕಷ್ಟ ಅನ್ನಿಸಿದರೆ, ಗ್ರೈಂಡರ್ ಈಗಲೇ ಬೇಡ. ಅರ್ಧ ಕೆ.ಜಿ. ಬದಲು ನೂರೇ ಗ್ರಾಂ ಪುಡಿ ಬೀಸಿಸಿ ತನ್ನಿ, ವಾರದಲ್ಲಿ ಮುಗಿಸಿ, ಮತ್ತೆ ಹೋಗಿ. ಬೀಸುವಾಗ "ಒಂದು ಹದ ದಪ್ಪ ಇರಲಿ" ಅಂತ ಹೇಳಿ. ನಮ್ಮ ಪಕ್ಕದ ಮನೆಯವರು ಹಾಗೆ ಮಾಡುತ್ತಿದ್ದಾರೆ. ನಿನ್ನೆ ಸಂಜೆ ಅವರ ಮನೆಯಲ್ಲಿ ಕುಡಿದೆ, ಚೆನ್ನಾಗಿತ್ತು.